12 ಸೆಂಟಿಮೀಟರಿನ ಗೊಂದಲ: ಮುಂಬೈ ಮನೆಗಳ ವಿಸಿಡಿ, ಡಿವಿಡಿ ಕಾಲ

ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್, ನಡುವೆ 15 ಮಿಲಿಮೀಟರಿನ ತೂತು. ಹಾಡು ಕೇಳುವುದಕ್ಕೆಂದು 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ ಅಳತೆ ಇದು. ಅದರ ಹಿಂದೆ ಬಂದ ವಿಸಿಡಿ, ಸೂಪರ್ ವಿಸಿಡಿ, ಡಿವಿಡಿ, ಎಚ್‌ಡಿ ಡಿವಿಡಿ, ಬ್ಲೂ-ರೇ ಎಲ್ಲವೂ ಈ ಅಳತೆಯನ್ನೇ ಉಳಿಸಿಕೊಂಡವು. ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಮೇಲಿನ ಚೀಟಿ ಮುಚ್ಚಿದರೆ, ಯಾವುದು ಯಾವ ಯಂತ್ರದಲ್ಲಿ ಓಡುತ್ತದೆಂದು ಬರಿಗಣ್ಣಿನಿಂದ ಹೇಳುವುದು ಕಷ್ಟ. ಮುಂಬೈ ಮಹಾನಗರದ ಸಿನಿಮಾಪ್ರೇಮಿ ಸುಮಾರು ಹದಿನೈದು ವರ್ಷ ಪಟ್ಟ ಪಾಡಿನ ಬೇರು ಇಲ್ಲಿದೆ. ಹೊರಗಿನಿಂದ ಎಲ್ಲವೂ ಒಂದೇ, ಒಳಗೆ ಒಂದಕ್ಕೊಂದು ಹೊಂದದ ಲೋಕಗಳು.

ಈ ಪಾಡನ್ನು ಗಿರಾಕಿಯ ತಿಳಿವಳಿಕೆಯ ಕೊರತೆಯೆಂದು ತಳ್ಳಿಹಾಕುವವರಿದ್ದಾರೆ. ಕಾಲಾನುಕ್ರಮವಾಗಿ ನೋಡುತ್ತ ಹೋದರೆ ಆ ಮಾತು ನಿಲ್ಲುವುದಿಲ್ಲ. ಗೊಂದಲ ಹುಟ್ಟಿದ್ದು ಟೋಕಿಯೊದ ಕಾರ್ಖಾನೆಗಳಲ್ಲಿ, ಹಾಲಿವುಡ್ಡಿನ ಕಚೇರಿಗಳಲ್ಲಿ. ಅದರ ಖರ್ಚು ಬಿದ್ದದ್ದು ಚಾಳಿನ ಒಂದು ಕೋಣೆಯ ಸಂಸಾರದ ಮೇಲೆ. ಆ ಸಂಸಾರ ತನ್ನ ದಾರಿಯನ್ನು ತಾನೇ ಹುಡುಕಿಕೊಂಡದ್ದು ಈ ಚರಿತ್ರೆಯ ದೊಡ್ಡ ಸಂಗತಿ.

ಕ್ಯಾಸೆಟ್ಟಿನ ದಿನಗಳು

ದೂರದರ್ಶನದಲ್ಲಿ ಬಣ್ಣ ಬಂದದ್ದು 1982ರ ಆಗಸ್ಟ್ 15ರಂದು. ಅದೇ ನವೆಂಬರಿನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ. ಬಣ್ಣದ ಟೀವಿಯ ಬೆನ್ನಿಗೇ ವಿಸಿಆರ್ ಕೂಡ ಬಂತು. ಆಗಿನ್ನೂ ಬೊಂಬಾಯಿ ಎನಿಸಿದ್ದ ನಗರಕ್ಕೆ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದವರು ಅದನ್ನು ಹೊತ್ತು ತಂದರು. ಕೊಳ್ಳಲಾಗದವರು ದಿನದ ಲೆಕ್ಕದಲ್ಲಿ ಬಾಡಿಗೆಗೆ ತಂದು, ನೆರೆಹೊರೆಯನ್ನೆಲ್ಲ ಸೇರಿಸಿ, ಒಂದೇ ರಾತ್ರಿಯಲ್ಲಿ ಮೂರು ಸಿನಿಮಾ ನೋಡಿ ಮುಗಿಸುತ್ತಿದ್ದರು.

ಪೈಪೋಟಿ ಆಗಲೂ ಇತ್ತು. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಹುಟ್ಟಿದರೆ ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಆದರೆ ಬೀಟಾ ಕ್ಯಾಸೆಟ್ಟು ಚಿಕ್ಕದು, ವಿಎಚ್‌ಎಸ್ ದೊಡ್ಡದು. ಒಂದು ಇನ್ನೊಂದರ ಯಂತ್ರಕ್ಕೆ ಹೋಗುತ್ತಲೇ ಇರಲಿಲ್ಲ. ಓದು ಬಾರದವರೂ ಕೈಯಲ್ಲಿ ಹಿಡಿದು ವ್ಯತ್ಯಾಸ ತಿಳಿಯಬಹುದಿತ್ತು. ತಪ್ಪು ಆಗುವುದಾದರೆ ಅಂಗಡಿಯ ಕಟ್ಟೆಯ ಮೇಲೆಯೇ ಆಗುತ್ತಿತ್ತು, ಮನೆಗೆ ಬಂದ ಮೇಲೆ ಅಲ್ಲ.

ಮುಂಬೈಯ ಮನೆ-ವಿಡಿಯೊ ವ್ಯಾಪಾರದ ಬೆಳವಣಿಗೆಯನ್ನು ಶೆಮಾರೂ ಸಂಸ್ಥೆಯೊಂದರಲ್ಲೇ ಓದಬಹುದು. 1962ರಲ್ಲಿ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಲೈಬ್ರರಿಯಾಗಿ ಅದು ಶುರುವಾಯಿತು. 1979ರಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಇಳಿಯಿತು, 1987ರಲ್ಲಿ ಸಿನಿಮಾಗಳ ಹಕ್ಕು ಪಡೆದು ತಾನೇ ಕ್ಯಾಸೆಟ್ ಹಂಚತೊಡಗಿತು. ಪುಸ್ತಕದಿಂದ ಟೇಪಿಗೆ, ಟೇಪಿನಿಂದ ಡಿಸ್ಕಿಗೆ ದಾಟಿದ ನಗರದ ಹವ್ಯಾಸದ ನಕ್ಷೆಯೇ ಅದು.

ನಿರ್ಮಾಪಕರಿಗೆ ಕ್ಯಾಸೆಟ್ಟೆಂದರೆ ಕಳ್ಳತನದ ಭಯ. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ 52ಎ ಎಂಬ ಕಲಮು ಸೇರಿತು. ಕ್ಯಾಸೆಟ್ಟಿನ ಮೇಲೆ ತಯಾರಕರ ಹೆಸರು, ವಿಳಾಸ, ಹಕ್ಕುದಾರರ ವಿವರ, ಸೆನ್ಸಾರ್ ಪ್ರಮಾಣಪತ್ರದ ಪ್ರತಿ ಇರಲೇಬೇಕೆಂದು ಅದು ವಿಧಿಸಿತು. ಹತ್ತು ವರ್ಷಗಳ ಬಳಿಕ, 1994ರ ಆಗಸ್ಟಿನಲ್ಲಿ, ರಾಜಶ್ರೀ ಸಂಸ್ಥೆ ‘ಹಮ್ ಆಪ್ಕೆ ಹೈ ಕೌನ್’ ಚಿತ್ರವನ್ನು ಮರೀನ್ ಲೈನ್ಸಿನ ಲಿಬರ್ಟಿ ಚಿತ್ರಮಂದಿರದಲ್ಲಿ ತೆರೆಕಾಣಿಸಿ, ಕ್ಯಾಸೆಟ್ ಮಾತ್ರ ಬಿಡದೆ ತಡೆಹಿಡಿಯಿತು. ಜನ ಮತ್ತೆ ಕುಟುಂಬಸಮೇತ ಚಿತ್ರಮಂದಿರಕ್ಕೆ ಬಂದರು. ಟೇಪಿನ ಪಿಡುಗನ್ನು ಗೆದ್ದೆವೆಂದು ಉದ್ಯಮ ಉಸಿರು ಬಿಡುವ ಹೊತ್ತಿಗೆ ಡಿಸ್ಕ್ ಹೊಸ್ತಿಲಲ್ಲಿ ನಿಂತಿತ್ತು.

ವಿಸಿಡಿ ಗೆದ್ದದ್ದು ಹೇಗೆ

ಫಿಲಿಪ್ಸ್, ಸೋನಿ, ಜೆವಿಸಿ, ಮತ್ಸುಶಿತಾ ಸಂಸ್ಥೆಗಳು ಸೇರಿ 1993ರಲ್ಲಿ ವಿಸಿಡಿಯ ನಿಯಮಾವಳಿಯನ್ನು ಗೊತ್ತುಮಾಡಿದವು. ಹಾಡಿನ ಸಿ.ಡಿ.ಯ ಮೇಲೆಯೇ ಎಂಪೆಗ್-1 ವಿಧಾನದಲ್ಲಿ ಚಿತ್ರವನ್ನು ಹಿಂಡಿ ತುಂಬುವುದು ಅದರ ಉಪಾಯ. ನಮ್ಮ ಟೀವಿಯ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 352 × 288 ಚುಕ್ಕಿ. ವಿಎಚ್‌ಎಸ್ ಟೇಪಿನ ಮಟ್ಟಕ್ಕೆ ಹೆಚ್ಚುಕಡಿಮೆ ಸಮ. ಆದರೆ ಹೊಡೆದಾಟದ ದೃಶ್ಯದಲ್ಲಿ, ಮಳೆಯ ಹಾಡಿನಲ್ಲಿ, ಪರದೆಯ ತುಂಬ ಚೌಕುಚೌಕಾಗಿ ಚಿತ್ರ ಒಡೆಯುತ್ತಿತ್ತು. ಒಂದು ಡಿಸ್ಕಿಗೆ 74 ನಿಮಿಷ. ಹಾಗಾಗಿ ಹಿಂದಿ ಸಿನಿಮಾ ಎಂದರೆ ಎರಡು, ಮೂರು ಡಿಸ್ಕ್. 224 ನಿಮಿಷದ ‘ಲಗಾನ್’ ಎರಡರಲ್ಲಿ ಹಿಡಿಸುವ ಮಾತೇ ಇರಲಿಲ್ಲ. ನಿರ್ದೇಶಕ ಇಟ್ಟ ಮಧ್ಯಂತರ ಒಂದು ಕಡೆ, ಡಿಸ್ಕ್ ಬದಲಿಸಬೇಕಾದ ಜಾಗ ಇನ್ನೊಂದು ಕಡೆ.

ಅಮೆರಿಕ, ಯುರೋಪುಗಳು ಈ ವಿಸಿಡಿಯನ್ನು ಹೆಚ್ಚುಕಡಿಮೆ ಕಡೆಗಣಿಸಿದವು. ಏಷ್ಯ ಅಪ್ಪಿಕೊಂಡಿತು. ಚೀನಾದ ಆನ್‌ಹುಯಿ ಪ್ರಾಂತದಲ್ಲಿ 1993ರಲ್ಲೇ ವಿಸಿಡಿ ಪ್ಲೇಯರ್ ತಯಾರಾಯಿತು. ಆಮೇಲೆ ಅಲ್ಲಿನ ನೂರಾರು ಕಾರ್ಖಾನೆಗಳು ಪೈಪೋಟಿಗೆ ಬಿದ್ದು ಬೆಲೆ ಇಳಿಸುತ್ತ ಹೋದವು. ತೊಂಬತ್ತರ ದಶಕದ ಕೊನೆಗೆ ಆ ಯಂತ್ರಗಳು ಮುಂಬೈಗೆ ಬಂದವು. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ಕ್ರಾಫರ್ಡ್ ಮಾರ್ಕೆಟ್ ಬಳಿಯ ಮನೀಷ್ ಮಾರ್ಕೆಟ್, ಹಾಜಿ ಅಲಿಯ ಹೀರಾ ಪನ್ನಾ, ವಿಲೆ ಪಾರ್ಲೆಯ ಇರ್ಲಾ—ಒಂದೊಂದು ಜೇಬಿಗೆ ಒಂದೊಂದು ಪೇಟೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಜೋಡಿಸಿಕೊಟ್ಟ ಕಂಪ್ಯೂಟರಿನಲ್ಲೂ ವಿಸಿಡಿ ಓಡುತ್ತಿತ್ತಾದ್ದರಿಂದ ಕೆಲವು ಮನೆಗಳಿಗೆ ಪ್ಲೇಯರೂ ಬೇಕಾಗಲಿಲ್ಲ. 2001ರ ಏಪ್ರಿಲ್ 1ರಂದು ಭಾರತ ಆಮದಿನ ಮೇಲಿನ ಉಳಿದ ಪರಿಮಾಣ ನಿರ್ಬಂಧಗಳನ್ನು ತೆಗೆದಮೇಲೆ ಚೀನಾ ಮಾಲು ಬಹಿರಂಗವಾಗಿಯೇ ಹರಿದು ಬಂತು.

ತಜ್ಞರ ಲೆಕ್ಕದಲ್ಲಿ ಕೀಳೆನಿಸಿದ ವಿಸಿಡಿ ಮುಂಬೈ ಬದುಕಿಗೆ ಒಗ್ಗಿದ್ದಕ್ಕೆ ಗಟ್ಟಿ ಕಾರಣಗಳಿದ್ದವು. ನಾಲ್ಕು ತಿಂಗಳ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ; ಬೂಷ್ಟು ಹಿಡಿದ ಟೇಪು ವಿಸಿಆರಿನ ಹೆಡ್ಡನ್ನೂ ಕೆಡಿಸುತ್ತದೆ. ಡಿಸ್ಕನ್ನು ಒರೆಸಿದರೆ ಸಾಕು. ಹಿಂದಕ್ಕೆ ಸುತ್ತುವ ಕೆಲಸವಿಲ್ಲ. ಹತ್ತು ಬೈ ಹತ್ತರ ಖೋಲಿಯಲ್ಲಿ ಒಂದು ಅಡಿ ಜಾಗದಲ್ಲಿ ಐವತ್ತು ಸಿನಿಮಾ ಇಡಬಹುದು. ಯಂತ್ರ ಸರಳ, ಕೆಟ್ಟರೆ ಗಲ್ಲಿಯ ಮೆಕ್ಯಾನಿಕ್ಕೇ ಲೆನ್ಸ್ ಬದಲಿಸುತ್ತಾನೆ. ಹದಿನಾಲ್ಕು, ಇಪ್ಪತ್ತೊಂದು ಇಂಚಿನ ಟೀವಿಯಲ್ಲಿ ಚಿತ್ರದ ಒಡಕು ಅಷ್ಟೇನೂ ಕಾಣದು. ಇವೆಲ್ಲವನ್ನೂ ತೂಗಿಯೇ ಜನ ಆರಿಸಿಕೊಂಡರು. ಅದು ಬಡವರ ರಾಜಿಯಲ್ಲ, ಬುದ್ಧಿವಂತರ ಆಯ್ಕೆ.

ಮಾಟುಂಗ, ಭಾಂಡುಪ್, ಮುಲುಂಡ್, ಡೊಂಬಿವಲಿ, ಮೀರಾ ರೋಡುಗಳಲ್ಲಿ ನೆಲೆಸಿದ ನಮ್ಮ ಕನ್ನಡ, ತುಳು ಮನೆಗಳಿಗಂತೂ ವಿಸಿಡಿ ಊರಿನ ದಾರಿಯನ್ನೇ ತೆರೆಯಿತು. ಮುಂಬೈ ಚಿತ್ರಮಂದಿರಗಳಲ್ಲಿ ಕನ್ನಡ ಸಿನಿಮಾ ಆಗೊಮ್ಮೆ ಈಗೊಮ್ಮೆ ಬರುವ ನೆಂಟ. ಊರಿಗೆ ಹೋದವರು ಮರಳುವಾಗ ಹಪ್ಪಳ, ಸಂಡಿಗೆಯ ಜೊತೆ ರಾಜ್‌ಕುಮಾರ್ ಚಿತ್ರಗಳ, ಯಕ್ಷಗಾನ ಪ್ರಸಂಗಗಳ, ತುಳು ನಾಟಕಗಳ ಡಿಸ್ಕ್ ತಂದರು. ಹೋಟೆಲಿನ ದುಡಿಮೆ ಮುಗಿಸಿ ನಡುರಾತ್ರಿ ಕೋಣೆಗೆ ಬಂದವನಿಗೆ ಅರ್ಧ ಪ್ರಸಂಗವಾದರೂ ನೋಡಿ ಮಲಗುವ ಭಾಗ್ಯ ಸಿಕ್ಕಿತು.

ಒಂದೇ ಡಿವಿಡಿ, ನಾಲ್ಕು ಬೇಲಿ

ಡಿವಿಡಿಯ ಜನನವೇ ಜಗಳದಲ್ಲಾಯಿತು. ಸೋನಿ ಮತ್ತು ಫಿಲಿಪ್ಸ್ ಒಂದು ಬಗೆಯ ಡಿಸ್ಕ್ ಮುಂದಿಟ್ಟರೆ ತೋಶಿಬಾ, ಟೈಮ್ ವಾರ್ನರ್, ಮತ್ಸುಶಿತಾಗಳ ಬಣ ಇನ್ನೊಂದನ್ನು ಇಟ್ಟಿತು. ಬೀಟಾ-ವಿಎಚ್‌ಎಸ್ ಕದನದಲ್ಲಿ ಎಲ್ಲರೂ ಕಳೆದುಕೊಂಡ ಹಣ ಇನ್ನೂ ನೆನಪಿತ್ತು. ಐಬಿಎಂ ಮುಂದಾಳುತನದಲ್ಲಿ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದವು: ಒಂದೇ ಡಿಸ್ಕ್ ಮಾಡಿ, ಇಲ್ಲವಾದರೆ ನಾವು ಎರಡನ್ನೂ ಒಪ್ಪುವುದಿಲ್ಲ. 1995ರ ಡಿಸೆಂಬರಿನಲ್ಲಿ ರಾಜಿಯಾಯಿತು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, 1997ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಡಿವಿಡಿ ಮಾರಾಟಕ್ಕೆ ಬಂತು. ಒಂದು ಪದರದಲ್ಲಿ 4.7 ಜಿಬಿ. ಇಡೀ ಸಿನಿಮಾ ಒಂದೇ ಡಿಸ್ಕಿನಲ್ಲಿ. ಎಂಟು ಭಾಷೆಯ ಧ್ವನಿ, 32 ಬಗೆಯ ಅಡಿಬರಹದವರೆಗೆ ಅವಕಾಶ.

ಕದನ ತಪ್ಪಿತು, ಗೊಂದಲ ತಪ್ಪಲಿಲ್ಲ. ಸಿನಿಮಾಗಳು ದೇಶದಿಂದ ದೇಶಕ್ಕೆ ಬೇರೆ ಬೇರೆ ತಿಂಗಳಲ್ಲಿ ತೆರೆಕಾಣುತ್ತವೆ, ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆ ಓಡಬಾರದು ಎಂದು ಹಾಲಿವುಡ್ ಹಟ ಹಿಡಿದು ಜಗತ್ತನ್ನು ಆರು ವಲಯಗಳಾಗಿ ಸೀಳಿತು. ಅಮೆರಿಕ 1, ಯುರೋಪು ಮತ್ತು ಜಪಾನ್ 2, ಭಾರತ 5. ನ್ಯೂಜೆರ್ಸಿಯಲ್ಲಿರುವ ಮಗ ಅಕ್ಕರೆಯಿಂದ ಕಳಿಸಿದ ಡಿಸ್ಕನ್ನು ಘಾಟ್‌ಕೋಪರಿನ ಅಪ್ಪ ಪ್ಲೇಯರಿಗೆ ಹಾಕಿದರೆ ಪರದೆಯ ಮೇಲೆ ‘ವಲಯ ತಪ್ಪು’ ಎಂಬ ಒಂದು ಸಾಲು ಮಾತ್ರ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯ ಬದಲಿಸಬಹುದಿತ್ತು, ಐದು ಸಲ. ಐದನೆಯದಕ್ಕೆ ಅದು ಶಾಶ್ವತವಾಗಿ ನಿಂತುಬಿಡುತ್ತಿತ್ತು.

ಎರಡನೆಯ ಬೇಲಿ ಬಣ್ಣದ್ದು. ಭಾರತದ ಟೀವಿ ಪಾಲ್ ಪದ್ಧತಿಯದು, ಅಮೆರಿಕದ್ದು ಎನ್‌ಟಿಎಸ್‌ಸಿ. ಹಿಂದಿ ಚಿತ್ರಗಳ ಡಿವಿಡಿಗೆ ಮೊದಲು ಹಣ ಕೊಟ್ಟದ್ದು ಹೊರದೇಶದ ಭಾರತೀಯರು. ಹಾಗಾಗಿ ಮುಂಬೈಯಲ್ಲೇ ತಯಾರಾದ ಸಿನಿಮಾದ ಡಿವಿಡಿ ಎಷ್ಟೋ ಸಲ ಎನ್‌ಟಿಎಸ್‌ಸಿಯಲ್ಲಿ ಬಂತು. ಮುಂಬೈಯದೇ ಚಿತ್ರ ಮುಂಬೈಯ ಹಳೆಯ ಟೀವಿಯಲ್ಲಿ ಕಪ್ಪುಬಿಳುಪಾಗಿ ಕಾಣುತ್ತಿತ್ತು, ಇಲ್ಲವೆ ಉರುಳುತ್ತಿತ್ತು. ಮನೆಯವರು ಟೀವಿ ಕೆಟ್ಟಿತೆಂದು ಭಾವಿಸಿದ್ದರೆ ಅದು ಅವರ ತಪ್ಪಲ್ಲ.

ಮೂರನೆಯದು ನಕಲು ತಡೆ. ಹಳೆಯ ಟೀವಿಗಳಲ್ಲಿ ಆಂಟೆನಾ ತಂತಿಗೆ ಮಾತ್ರ ಜಾಗ. ಡಿವಿಡಿ ಪ್ಲೇಯರಿನ ಕೆಂಪು, ಬಿಳಿ, ಹಳದಿ ತಂತಿಗಳಿಗೆ ತೂತಿಲ್ಲ. ಸುಲಭದ ದಾರಿಯೆಂದು ಜನ ಪ್ಲೇಯರಿನ ತಂತಿಯನ್ನು ಹಳೆಯ ವಿಸಿಆರಿಗೆ ಕೊಟ್ಟು, ಅಲ್ಲಿಂದ ಟೀವಿಗೆ ಎಳೆದರು. ಹಾಲಿವುಡ್ ಡಿಸ್ಕುಗಳಲ್ಲಿದ್ದ ಮ್ಯಾಕ್ರೋವಿಷನ್ ಎಂಬ ತಡೆ ಇದನ್ನು ಟೇಪಿಗೆ ನಕಲು ಮಾಡುವ ಯತ್ನವೆಂದೇ ಎಣಿಸಿ ಚಿತ್ರವನ್ನು ಒಮ್ಮೆ ಬೆಳಗಿಸಿ ಒಮ್ಮೆ ಮಂಕು ಮಾಡುತ್ತಿತ್ತು. ದುಡ್ಡು ಕೊಟ್ಟು ಅಸಲಿ ಡಿಸ್ಕ್ ಕೊಂಡವನಿಗೆ ಈ ಶಿಕ್ಷೆ. ಫುಟ್‌ಪಾತಿನ ನಕಲಿಯಲ್ಲಿ ಈ ತಡೆಯೇ ಇರುತ್ತಿರಲಿಲ್ಲ.

ನಾಲ್ಕನೆಯದು ಲೇಸರ್ ಕಿರಣದ್ದು. ಸಿ.ಡಿ.ಯನ್ನು ಓದುವ ಕಿರಣದ ತರಂಗಾಂತರ 780 ನ್ಯಾನೊಮೀಟರ್, ಡಿವಿಡಿಯದು 650. ಆದ್ದರಿಂದ ವಿಸಿಡಿ ಪ್ಲೇಯರಿನಲ್ಲಿ ಡಿವಿಡಿ ಓಡುವುದಿಲ್ಲ. ಡಿವಿಡಿ ಪ್ಲೇಯರಿನಲ್ಲಿ ಕಂಪನಿಯವರು ಅಚ್ಚೊತ್ತಿದ ವಿಸಿಡಿ ಓಡುತ್ತಿತ್ತು. ಆದರೆ ಮದುವೆಯ ವಿಡಿಯೊವನ್ನು ಸ್ಟುಡಿಯೊದವರು ಖಾಲಿ ಸಿ.ಡಿ.ಗೆ ಸುಟ್ಟು ಕೊಟ್ಟಿದ್ದರೆ ಆರಂಭದ ಪ್ಲೇಯರುಗಳು ಅದನ್ನು ಓದುತ್ತಿರಲಿಲ್ಲ. ಅಂಥ ಸಿ.ಡಿ.ಯ ಬಣ್ಣದ ಲೇಪ ಹಳೆಯ ಕಿರಣಕ್ಕಷ್ಟೇ ಹೊಂದಿದ್ದದ್ದು ಕಾರಣ. ಹೆಚ್ಚು ದುಡ್ಡು ಕೊಟ್ಟು ತಂದ ಹೊಸ ಯಂತ್ರದಲ್ಲಿ ಮಗಳ ಮದುವೆಯೇ ಕಾಣುವುದಿಲ್ಲ ಎಂದರೆ ಯಾವ ಮನೆಯವರಿಗೆ ಸಿಟ್ಟು ಬಾರದು? ಇದರ ಮೇಲೆ ಖಾಲಿ ಡಿವಿಡಿಯಲ್ಲೂ ಎರಡು ಬಣ—‘ಮೈನಸ್ ಆರ್’ ಮತ್ತು ‘ಪ್ಲಸ್ ಆರ್’. ಒಂದನ್ನು ಓದುವ ಪ್ಲೇಯರ್ ಇನ್ನೊಂದನ್ನು ಉಗುಳುತ್ತಿತ್ತು.

ಈ ಬೇಲಿಗಳನ್ನು ದಾಟಿಸಿದವನು ಅಂಗಡಿಯ ಹುಡುಗ. ಚೀನಾ ಪ್ಲೇಯರಿನ ರಿಮೋಟಿನಲ್ಲಿ ಯಾವ ಅಂಕಿಗಳನ್ನು ಒತ್ತಿದರೆ ವಲಯದ ಬೀಗ ಬಿಡುತ್ತದೆ, ಯಾವ ಪ್ಲೇಯರ್ ಪಾಲ್ ಮತ್ತು ಎನ್‌ಟಿಎಸ್‌ಸಿ ಎರಡನ್ನೂ ನುಂಗುತ್ತದೆ, ಯಾವುದು ಸುಟ್ಟ ಡಿಸ್ಕ್ ಓದುತ್ತದೆ ಎಂಬ ವಿದ್ಯೆ ಅವನ ನಾಲಿಗೆಯ ತುದಿಯಲ್ಲಿತ್ತು. ‘ಸಬ್ ಚಲೇಗಾ’ ಎಂಬುದು ಅವನ ಭರವಸೆ. ಹೆಸರುವಾಸಿ ಕಂಪನಿಯ ದುಬಾರಿ ಪ್ಲೇಯರಿಗಿಂತ ಹೆಸರಿಲ್ಲದ ಚೀನಾ ಪ್ಲೇಯರೇ ಹೆಚ್ಚು ಬಗೆಯ ಡಿಸ್ಕ್ ಓಡಿಸುತ್ತಿತ್ತೆಂಬುದನ್ನು ಮುಂಬೈ ಬೇಗ ಕಂಡುಕೊಂಡಿತು.

ಫುಟ್‌ಪಾತಿನ ಡಿವಿಡಿ

ಅಂಧೇರಿ, ದಾದರ್, ಬೊರಿವಲಿ ಸ್ಟೇಷನ್ನುಗಳ ಹೊರಗೆ, ಫೋರ್ಟಿನ ಡಿ.ಎನ್. ರೋಡಿನ ಕಮಾನುಗಳ ಕೆಳಗೆ ನಕಲಿ ಡಿಸ್ಕಿನ ವ್ಯಾಪಾರ ಬೆಳೆಯಿತು. ಅಲ್ಲಿ ಗಿರಾಕಿ ಕೇಳುವ ಮೊದಲ ಪ್ರಶ್ನೆ ‘ಪ್ರಿಂಟ್ ಕೈಸಾ ಹೈ?’ ಚಿತ್ರಮಂದಿರದಲ್ಲಿ ಕದ್ದು ಚಿತ್ರಿಸಿದ್ದು ಕ್ಯಾಮೆರಾ ಪ್ರಿಂಟ್. ಅದರಲ್ಲಿ ಎದ್ದು ಹೋಗುವವರ ತಲೆಯೂ ಕಾಣುತ್ತಿತ್ತು.

ಅಲ್ಲಿ ಇನ್ನೊಂದು ಸೂಕ್ಷ್ಮ ಮೋಸವೂ ಇತ್ತು. ಒಂದೇ ಡಿವಿಡಿಯಲ್ಲಿ ನಾಲ್ಕೈದು ಸಿನಿಮಾ ಎಂದು ಮಾರುತ್ತಿದ್ದ ಡಿಸ್ಕುಗಳಲ್ಲಿ ಇದ್ದದ್ದು ಹೆಚ್ಚಾಗಿ ವಿಸಿಡಿ ಮಟ್ಟದ ಚಿತ್ರವೇ. ಎಂಪೆಗ್-1 ಚಿತ್ರವನ್ನೂ ತುಂಬಲು ಡಿವಿಡಿಯ ನಿಯಮದಲ್ಲಿ ಅವಕಾಶವಿದೆ. ಡಿವಿಡಿ ಎಂಬ ಹೆಸರಿಗೆ ಒಳ್ಳೆಯ ಚಿತ್ರವೆಂಬ ಅರ್ಥ ಕೊಟ್ಟವರು ಜಾಹೀರಾತಿನವರು. ಅದನ್ನು ನಂಬಿದವನಿಗೆ ಸಿಕ್ಕದ್ದು ಹಳೆಯ ಮಸುಕೇ.

ಕಾನೂನು ಯಾರ ಕಡೆ ನೋಡುತ್ತಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು. ಕೃತಿಸ್ವಾಮ್ಯದ 52ಎ ಕಲಮು ಡಿಸ್ಕಿನ ಮೇಲೆ ಬೇಡಿದ್ದು ತಯಾರಕರ, ಹಕ್ಕುದಾರರ ವಿವರ. ಈ ಡಿಸ್ಕ್ ಯಾವ ಯಂತ್ರದಲ್ಲಿ, ಯಾವ ಟೀವಿಯಲ್ಲಿ ಓಡುತ್ತದೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ವಲಯದ ಅಂಕಿ, ಟೀವಿ ಪದ್ಧತಿ ಇರುತ್ತಿದ್ದರೆ ಹಿಂಬದಿಯ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ, ಇರುವೆಗಾತ್ರದ ಅಕ್ಷರದಲ್ಲಿ. ಮಹಾರಾಷ್ಟ್ರ ಸರ್ಕಾರ 2009ರಲ್ಲಿ ಕೊಳೆಗೇರಿ ದಾದಾಗಳು, ಕಳ್ಳಭಟ್ಟಿಯವರ ವಿರುದ್ಧದ ಎಂಪಿಡಿಎ ಕಾಯ್ದೆಯ ವ್ಯಾಪ್ತಿಗೆ ವಿಡಿಯೊ ಕಳ್ಳರನ್ನೂ ತಂದಿತು. ನಿರ್ಮಾಪಕರ ಹಕ್ಕು ಕಾಯಬೇಕಾದದ್ದೇ; ಸಿನಿಮಾದ ಬೆನ್ನಿಗೆ ಸಾವಿರಾರು ಜನರ ದುಡಿಮೆಯಿದೆ. ಆದರೆ ಕೊಳ್ಳುವವನಿಗೆ ಅರ್ಥವಾಗುವಂತೆ ಎರಡು ಸಾಲು ಬರೆಯಿಸುವ ಕಾಳಜಿ ಆ ಇಪ್ಪತ್ತೈದು ವರ್ಷದಲ್ಲಿ ಯಾರಿಗೂ ಬರಲಿಲ್ಲವೆಂಬುದು ನೋವಿನ ಸಂಗತಿ.

28 ಮತ್ತು 34 ರೂಪಾಯಿ

ತಿರುವು ಬಂದದ್ದು ಬೆಲೆಯಿಂದ. ಖಾಲಿ ಡಿಸ್ಕ್ ತಯಾರಿಸುವ ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾಗಿದ್ದ ಮೋಸರ್ ಬೇರ್ 2006-07ರಲ್ಲಿ ಸಿನಿಮಾ ಹಕ್ಕುಗಳನ್ನು ಕೊಂಡು ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆ ಇಟ್ಟಿತು. ಅದುವರೆಗೆ ಅಸಲಿ ಡಿಸ್ಕ್ ನೂರಾರು ರೂಪಾಯಿಯ ಮಾತು. ಇನ್ನು ಮುಂದೆ ನಕಲಿಯ ಬೆಲೆಗೆ ಅಸಲಿ. ಕಿರಾಣಿ ಅಂಗಡಿಗಳಲ್ಲೂ ಡಿಸ್ಕ್ ತೂಗಿದವು. ಉಳಿದ ಸಂಸ್ಥೆಗಳೂ ಬೆಲೆ ಇಳಿಸಬೇಕಾಯಿತು. ವಿಸಿಡಿಗೂ ಡಿವಿಡಿಗೂ ನಡುವೆ ಆರೇ ರೂಪಾಯಿ ಅಂತರ ಉಳಿದಾಗ, ಡಿವಿಡಿ ಪ್ಲೇಯರೂ ಅಗ್ಗವಾದಾಗ, ಮುಂಬೈ ತಾನಾಗಿಯೇ ಡಿವಿಡಿಗೆ ದಾಟಿತು. ಹತ್ತು ವರ್ಷ ತಾಂತ್ರಿಕ ಶ್ರೇಷ್ಠತೆಯ ಬಗ್ಗೆ ಹೇಳಿದ ಮಾತು ಮಾಡಲಾರದ ಕೆಲಸವನ್ನು ಆ ಆರು ರೂಪಾಯಿ ಮಾಡಿತು.

ಆ ಹೊತ್ತಿಗೆ ಜಗತ್ತಿನಲ್ಲಿ ಇನ್ನೊಂದು ಕದನ ಎದ್ದಿತ್ತು. 405 ನ್ಯಾನೊಮೀಟರಿನ ನೀಲಿ-ನೇರಳೆ ಕಿರಣದಿಂದ ಓದುವ ಎರಡು ಡಿಸ್ಕುಗಳು 2006ರಲ್ಲಿ ಬಂದವು: ತೋಶಿಬಾ ಬಣದ ಎಚ್‌ಡಿ ಡಿವಿಡಿ, ಸೋನಿ ಬಣದ ಬ್ಲೂ-ರೇ. 2008ರ ಜನವರಿ 4ರಂದು ವಾರ್ನರ್ ಸಂಸ್ಥೆ ಬ್ಲೂ-ರೇ ಕಡೆ ವಾಲಿತು. ಫೆಬ್ರವರಿ 19ರಂದು ತೋಶಿಬಾ ಸೋಲೊಪ್ಪಿತು. ಅಮೆರಿಕದಲ್ಲಿ ಲಕ್ಷಾಂತರ ಜನರ ಎಚ್‌ಡಿ ಡಿವಿಡಿ ಪ್ಲೇಯರುಗಳು ಒಂದೇ ದಿನ ಅನಾಥವಾದವು. ಮುಂಬೈಗೆ ಈ ಬಿಸಿ ತಟ್ಟಲಿಲ್ಲ. ಎಚ್‌ಡಿ ಟೀವಿ ಇದ್ದ ಮನೆಗಳೇ ವಿರಳ, ಬ್ಲೂ-ರೇ ದುಬಾರಿ, ಅದಕ್ಕೂ ಮೂರು ವಲಯ, ಭಾರತ ‘ಸಿ’ಯಲ್ಲಿ. ಹಿಂದಿನ ಪಾಠ ಕಲಿತಿದ್ದ ಗಿರಾಕಿ ಕಾದು ನೋಡಿದ. ಅವನು ಕಾದದ್ದು ಸರಿಯಾಯಿತು.

2016ರಲ್ಲಿ ಎಲ್ಲವೂ ಕೂಡಿ ಬಂತು. ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟಿತು. ಫೆಬ್ರವರಿ 29ರಂದು ಕಾಲಾಘೋಡಾದ ರಿದಮ್ ಹೌಸ್ ಬಾಗಿಲು ಮುಚ್ಚಿತು. ಗ್ರಾಮಫೋನ್ ತಟ್ಟೆಯಿಂದ ಬ್ಲೂ-ರೇವರೆಗೆ ಎಲ್ಲ ಕಾಲವನ್ನೂ ಕಂಡ, 1940ರ ದಶಕದ ಅಂಗಡಿ ಅದು. ಸೆಪ್ಟೆಂಬರಿನಲ್ಲಿ ಜಿಯೊ ಬಂದು ಮೊಬೈಲಿನ ಡೇಟಾ ನೀರಿನಂತೆ ಅಗ್ಗವಾಯಿತು. 28 ರೂಪಾಯಿಯ ಡಿಸ್ಕ್ ಕೊಟ್ಟ ಮೋಸರ್ ಬೇರ್ ಸಾಲದಲ್ಲಿ ಮುಳುಗಿ, 2018ರಲ್ಲಿ ಅದನ್ನು ಸಮಾಪನಗೊಳಿಸಲು ಆದೇಶವಾಯಿತು. ಶೆಮಾರೂ ಮಾತ್ರ ಇನ್ನೊಮ್ಮೆ ದಾಟಿ ಯೂಟ್ಯೂಬಿನಲ್ಲಿ ಸಿನಿಮಾ ತೋರಿಸತೊಡಗಿತು.

ಇನ್ನೂ ಉಳಿದಿರುವ ಕೆಲಸ

ಸಿನಿಮಾಗಳನ್ನು ಕಾಯುವವರಿದ್ದಾರೆ. ಪುಣೆಯಲ್ಲಿ 1964ರಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ಕಂಪನಿಗಳ ಬಳಿ ನೆಗೆಟಿವ್‌ಗಳಿವೆ. ಯಾರೂ ಕಾಯದವು ಮನೆಯಲ್ಲಿ ಮಾಡಿಕೊಂಡ ಡಿಸ್ಕುಗಳು: ಮದುವೆ, ಮುಂಜಿ, ಕನ್ನಡ ಸಂಘದ ರಾಜ್ಯೋತ್ಸವ, ರಾತ್ರಿಶಾಲೆಯ ವಾರ್ಷಿಕೋತ್ಸವ, ಮುಂಬೈ ವೇದಿಕೆಯಲ್ಲಿ ಕುಣಿದ ಯಕ್ಷಗಾನ ಕಲಾವಿದರ ಒಂದೇ ಒಂದು ದಾಖಲೆ. ಅವೆಲ್ಲ ಸುಟ್ಟ ಡಿಸ್ಕುಗಳು. ಅವುಗಳ ಸಾವಯವ ಬಣ್ಣದ ಲೇಪ ಬಿಸಿಲು, ಶೆಕೆ, ತೇವಕ್ಕೆ ಕರಗುತ್ತದೆ. ಮುಂಬೈಯಲ್ಲಿ ಮೂರಕ್ಕೂ ಕೊರತೆಯಿಲ್ಲ. ಓದುವ ಡ್ರೈವುಗಳೂ ಹೊಸ ಲ್ಯಾಪ್‌ಟಾಪುಗಳಿಂದ ಮಾಯವಾಗಿವೆ.

ಯಾವ ಡಿಸ್ಕ್ ಬದುಕಬೇಕು, ಯಾವುದು ಸಾಯಬೇಕೆಂದು ಮುಂಬೈಯನ್ನು ಯಾರೂ ಕೇಳಲಿಲ್ಲ. ಆದರೂ ಪ್ರತಿ ಸಲವೂ ಈ ನಗರ ತನಗೆ ಒಗ್ಗುವುದನ್ನು ಹುಡುಕಿಕೊಂಡಿತು. ಕೊನೆಯ ಆಯ್ಕೆಯೊಂದು ಇನ್ನೂ ನಮ್ಮ ಕೈಯಲ್ಲಿದೆ. 1926ರಲ್ಲಿ ಹುಟ್ಟಿದ ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಕಲೀನಾದ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಕೈಜೋಡಿಸಿ, ಮನೆಮನೆಯ ಡಿಸ್ಕುಗಳನ್ನು ಒಂದು ಕಡೆ ಕಲೆಹಾಕಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡರೆ, ಮುಂಬೈ ಕನ್ನಡಿಗರ ಇಪ್ಪತ್ತು ವರ್ಷದ ಬದುಕು ಉಳಿಯುತ್ತದೆ. ಮನೆಯಲ್ಲಿ ಅಂಥ ಡಿಸ್ಕ್ ಇರುವವರು ಸಂಘಗಳಿಗಾಗಿ ಕಾಯುವುದೂ ಬೇಡ. ಓದುವ ಡ್ರೈವ್ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಈ ಮಳೆಗಾಲಕ್ಕೆ ಮುಂಚೆ ಎರಡು ಪ್ರತಿ ಮಾಡಿ, ಒಂದನ್ನು ಊರಿನ ಮನೆಗೆ ಕಳಿಸಿಬಿಡಿ.